ಹಾಡು ಬಾರದ ಹುಡುಗಿ

ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳು ಎಂದರು. ಹಿಂದಿನ ಸಂಬಂಧ ತಪ್ಪಿದ್ದೂ ಇದಕ್ಕೇ.

“ಹಾಡೋಕೆ ಬರಲ್ಲ. ಓದೋಕೆ ಬರುತ್ತೆ,” ಎಂದಳು ಹುಡುಗಿ.

ಹುಡುಗನ ತಾಯಿ ಮುಖ ಸಿಂಡರಿಸಿದರು. “ಅದು ಯಾರಿಗಮ್ಮ ಬರಲ್ಲ?”

“ನಂಗೆ,” ಎಂದರು ಹುಡುಗನ ಅಜ್ಜಿ. “ಕಣ್ಣು ಹೋದ್ಮೇಲೆ ಒಂದು ಕಥೇನೂ ಕೇಳಿಲ್ಲ. ಓದು ಮಗಳೇ.”

ಹುಡುಗಿ ಅಲ್ಲಿದ್ದ ವಾರಪತ್ರಿಕೆ ತೆಗೆದು ಕಥೆ ಓದತೊಡಗಿದಳು. ತಟ್ಟೆಯಲ್ಲಿ ಉಪ್ಪಿಟ್ಟು ಆರಿತು, ಯಾರೂ ಮುಟ್ಟಲಿಲ್ಲ. ಕಥೆಯಲ್ಲಿ ಯಾರೋ ಬಾಗಿಲು ಬಡಿದಾಗ ಅವಳು ನಿಲ್ಲಿಸಿದಳು.

“ಬಂದೋರು ಯಾರೇ?” ಅಜ್ಜಿ ಮುಂದಕ್ಕೆ ಬಾಗಿದರು.

“ಅದು ಮುಂದಿನ ವಾರ ಬರುತ್ತೆ ಅಜ್ಜಿ.”

“ಇಷ್ಟಕ್ಕೇ ನಿಲ್ಸಿದಾರಾ? ನೀನು ನೋಡೋ,” ಎಂದರು ಅಜ್ಜಿ ಮೊಮ್ಮಗನಿಗೆ.

ಹುಡುಗ ಪತ್ರಿಕೆ ಈಸಿಕೊಂಡು ನೋಡಿದ. ಬಾಗಿಲು ಬಡಿದವರು ಯಾರೆಂಬುದೂ ಸೇರಿ ಕಥೆ ಅದೇ ಪುಟದಲ್ಲಿ ಪೂರ್ತಿ ಇತ್ತು.

“ಹೌದಜ್ಜಿ, ಇಷ್ಟೇ ಇದೆ,” ಎಂದ. “ಉಳಿದದ್ದು ಇವರು ನಮ್ಮನೇಲಿ ಓದ್ತಾರೆ.”