ಹನ್ನೆರಡನೆಯ ಅರ್ಜಿ

ದನದ ಕೊಟ್ಟಿಗೆ ಕಟ್ಟಿಸಿದರೆ ಸರ್ಕಾರ ಸಹಾಯಧನ ಕೊಡುತ್ತದೆಂದು ಕೇಳಿ ಶಾವಂತ್ರೆವ್ವ ನಾಲ್ಕು ಎಮ್ಮೆಗಳಲ್ಲಿ ಒಂದನ್ನು ಮಾರಿದಳು. ಆ ದುಡ್ಡಿನಲ್ಲಿ ತಗಡು ತಂದು, ಕಲ್ಲು ತಾನೇ ಹೊತ್ತು, ಉಳಿದ ಮೂರಕ್ಕೆ ಊರೇ ನೋಡುವಂಥ ಕೊಟ್ಟಿಗೆ ಎಬ್ಬಿಸಿದಳು. ನಿಯಮದಂತೆ ಅದರ ಮುಂದೆ ನಿಂತು ಫೋಟೊ ತೆಗೆಸಿ ಅರ್ಜಿಯನ್ನೂ ಹಾಕಿದಳು. ಅರ್ಜಿ ತಿರಸ್ಕಾರವಾಗಿದೆ ಎಂದು ಗೊತ್ತಾದ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾಲ್ಲೂಕು ಕಚೇರಿಗೆ ನುಗ್ಗಿದಳು.

"ನಾ ಏನ್ ಗಾಳ್ಯಾಗ ಕಟ್ಟೀನೇನ್ರಿ ಸಾಹೇಬ್ರ? ಬಂದು ಮುಟ್ಟಿ ನೋಡ್ರಿ!"

ಗುಮಾಸ್ತ ಒಳ್ಳೆಯವನು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ.

"ಕೊಟಗಿ ಭಾಳ ಛಲೋ ಐತಿ ಯವ್ವಾ. ಆದ್ರ ಇದನ್ನ ತೋರ್ಸಿ ಆಗ್ಲೇ ಹನ್ನೊಂದು ಮಂದಿ ರೊಕ್ಕ ತಗೊಂಡಾರ."

ಮೊದಲ ಫೋಟೊದಲ್ಲಿ ಪಕ್ಕದ ಮನೆಯವನಿದ್ದ. ಎರಡನೆಯದರಲ್ಲಿ ಪಂಚಾಯ್ತಿ ಅಧ್ಯಕ್ಷರಿದ್ದರು. ಮೂರನೆಯದರಲ್ಲಿ, ಹುಟ್ಟಿದಾಗಿನಿಂದ ಒಂದು ಆಡನ್ನೂ ಸಾಕದ ಅವಳ ಮೈದುನ, ಅವಳದೇ ಎಮ್ಮೆಯ ಕೊರಳು ತಬ್ಬಿಕೊಂಡು ಹಲ್ಲು ಕಿರಿಯುತ್ತಿದ್ದ.

"ಎಮ್ಮಿ ನಂದು! ಕೊಟಗಿ ನಂದು! ಇವರ ಬಾಯಾಗ ಮಣ್ಣು ಹಾಕ..." ಅವಳು ಕಂಪ್ಯೂಟರಿನ ಪರದೆಯನ್ನು ಬೆರಳಿನಿಂದ ಕುಟ್ಟಿದಳು.

"ನನಗ ಗೊತ್ತಾತು ಯವ್ವಾ. ಆದ್ರ ಈ ಕಂಪ್ಯೂಟರ್‌ಗೆ ಯಾರು ಹೇಳ್ಬೇಕು? ಅದು ನಿಮ್ಮನ್ನ ಕಳ್ಳಿ ಅಂತೈತಿ."

"ಹಂಗಾರ ನಾ ಏನ್ ಮಾಡ್ಲಿ, ನೀವ ಹೇಳ್ರಿ."

ಗುಮಾಸ್ತ ಅತ್ತಿತ್ತ ನೋಡಿ, ಮುಂದಕ್ಕೆ ಬಾಗಿ, ದನಿ ತಗ್ಗಿಸಿದ.

"ಯಾರದರ ಬ್ಯಾರೆಯವರ ಕೊಟಗಿ ಮುಂದ ನಿಂತು ಒಂದು ಫೋಟೊ ತಗಸ್ಕೊಂಡು ಬರ್ರಿ."