ಬೆಟ್ಟದ ಮಾತು

ಲಕ್ವ ಹೊಡೆದು ಎಚ್ಚರವಾದ ಮೇಲೆ ಬುನ್‌ಹೊಕ್‌ನ ತಾಯಿ ಆಡತೊಡಗಿದ ಭಾಷೆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಗ ಎಷ್ಟು ಕರೆದರೂ ಅವಳು ಗುರುತಿಲ್ಲದವನನ್ನು ಕಂಡಂತೆ ಗೋಡೆಯ ಕಡೆ ಸರಿದು, ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

"ಯಾವ ದೆವ್ವದ ಮಾತೇ ಇದು?" ಎಂದು ಅವನು ಮಗಳನ್ನು ಕೇಳಿದ. ಹುಯಿತಿಂಗ್ ಶಿಯಾಮೆನ್ ನಗರದಲ್ಲಿ ಭಾಷಾಶಾಸ್ತ್ರ ಓದುತ್ತಿದ್ದಳು. "ದೆವ್ವ ಅಲ್ಲಪ್ಪ, ಬೆಟ್ಟದ ಕಡೆಯ ಶಾವೂ ಮಾತಿರಬೇಕು. ನಮ್ಮ ಮಾತನ್ನೂ ಅದನ್ನೂ ಎಷ್ಟೋ ಜನ ಚೀನೀ ಭಾಷೆಗಳಲ್ಲಿ ಒಂದೇ ಮಿನ್ ಗುಂಪಿಗೆ ಸೇರಿಸ್ತಾರೆ."

"ಒಂದೇ ಗುಂಪಂತೆ! ಒಂದಕ್ಷರನಾದ್ರೂ ಗೊತ್ತಾಗ್ತಿದ್ಯಾ ನಿಂಗೆ?"

ತಾಯಿಯನ್ನು ಹುಡುಗಿಯಾಗಿದ್ದಾಗಲೇ ಎಲ್ಲಿಂದಲೋ ಕೊಂಡು ತಂದು, ಈ ಕಡಲತಡಿಯ ಮನೆಗೆ ಸೊಸೆಯಾಗಲೆಂದು ಸಾಕಿದ್ದರು. ಎಲ್ಲಿಂದ ಎಂದು ಅವಳು ಹೇಳಿರಲಿಲ್ಲ, ಮಗನೂ ಮೊಮ್ಮಗಳೂ ಕೇಳಿರಲಿಲ್ಲ. ಹುಯಿತಿಂಗ್ ಶಾವೂ ಕಡೆಯ ಗೆಳತಿಗೆ ಕರೆಮಾಡಿ, ಸ್ಪೀಕರ್ ಹಾಕಿ ಫೋನನ್ನು ಅಜ್ಜಿಯ ಬಾಯಿಯ ಬಳಿ ಹಿಡಿದಳು. ಗೆಳತಿ ಕೊನೆಯವರೆಗೂ ಕೇಳಿಸಿಕೊಂಡಳು.

"ಏನಂತಾರೆ? ಹೇಳೇ," ಎಂದಳು ಹುಯಿತಿಂಗ್.

"'ಪಾತ್ರೆಯೆಲ್ಲಾ ತೊಳೆದಾಯ್ತು, ಇನ್ನಾದ್ರೂ ನನ್ನ ಅಮ್ಮನ ಹತ್ರ ಕಳಿಸಿ' ಅಂತಿದಾರೆ ಕಣೇ."

ಬುನ್‌ಹೊಕ್ ಹಾಸಿಗೆಯ ಅಂಚಿನಲ್ಲಿ ಕುಳಿತ. ಈ ಮನೆಯೇ ಅಮ್ಮನದೆಂದು ಅವನು ಹುಟ್ಟಿದಾಗಿನಿಂದ ನಂಬಿದ್ದ. "ಕಳಿಸ್ತೀವಿ ಅನ್ನೋದು ಹ್ಯಾಗೆ, ಕೇಳು," ಎಂದು ಮಗಳಿಗೆ ಹೇಳಿದ.

ಗೆಳತಿ ಹೇಳಿಕೊಟ್ಟಂತೆ ಅವನು ತಡವರಿಸುತ್ತ ಆ ಮಾತು ಆಡಿದ. ತಾಯಿಗೆ ಅರ್ಥವಾಯಿತು. ಹೊದಿಕೆ ತಳ್ಳಿ, ಆಡುವ ಒಂದೇ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡಿದಳು. ಅವನೇ ಬಗ್ಗಿ ಒಂದೊಂದಾಗಿ ಹಾಕಿಕೊಟ್ಟ. ಅವಳು, ಪರರ ಮನೆಯ ಯಜಮಾನನಿಗೆ ಬಾಗುವ ಪುಟ್ಟ ಹುಡುಗಿಯಂತೆ, ಮಗನಿಗೆ ತಲೆಬಾಗಿದಳು.