ಬಾಗಿಲು ಕೇಳುವ ಮೂರು ಪ್ರಶ್ನೆ

ಎದೆನೋವಿದ್ದವರನ್ನು ಮನೆಯ ಬಾಗಿಲೇ ಹೊರಗೆ ಬಿಡುತ್ತಿರಲಿಲ್ಲ. ಆಂಬುಲೆನ್ಸ್ ಕರೆಸಿ ಮೂರು ದಿನ ಆಸ್ಪತ್ರೆಗೆ ಕಳಿಸುತ್ತಿತ್ತು. ಹಾಗಾಗಿ ಬಾಗಿಲಿನ ಪ್ರಶ್ನೆಗಳಿಗೆ ಇದು ಬರೀ ಆಸಿಡಿಟಿ ಎನಿಸುವ ಉತ್ತರಗಳು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದವು.

ಬಸುರಿ ಮಗಳ ಕುಬಸಕ್ಕೆ ಎದೆ ನೀವಿಕೊಳ್ಳುತ್ತಲೇ ಹೊರಟ ಗುರುಸಿದ್ಧಪ್ಪನನ್ನು ಬಾಗಿಲು ತಡೆಯಿತು. "ಎದೆ ಉರಿಯುತ್ತಿದೆಯೋ, ಹಿಂಡಿದಂತಾಗುತ್ತಿದೆಯೋ?"

"ಉರಿತೈತಿ. ಮಿರ್ಚಿ ತಿಂದಿದ್ದೆ."

"ನೋವು ಎಡಗೈಗೂ ಹಬ್ಬಿದೆಯೇ?"

ಅವನು ಜೋಮು ಹಿಡಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿದ. "ಇಲ್ಲ."

"ಬೆವರು?"

ಹೆಂಡತಿ ಸಾವಂತ್ರವ್ವ ಸೆರಗಿನಿಂದ ಅವನ ಹಣೆ ಒರೆಸಿ, "ಇಲ್ಲ ಅನ್ರಿ, ಲಗೂನ. ಆರತಿಗೆ ಹೊತ್ತಾಗೇತಿ," ಎಂದು ಪಿಸುಗುಟ್ಟಿದಳು.

"ಇಲ್ಲ."

ಬಾಗಿಲು ತೆರೆಯಿತು. ಸಾವಂತ್ರವ್ವ ಬಳೆಯ ಬುಟ್ಟಿ ಎತ್ತಿಕೊಂಡು ಹೊಸ್ತಿಲು ದಾಟಿದಳು. ಗುರುಸಿದ್ಧಪ್ಪ ಒಳಗೇ ಕುಸಿದು ಕುಳಿತ.

"ಹಿಂಡಿದಂಗ ಆಗಾಕತ್ತೈತಿ," ಎಂದ ಬಾಗಿಲಿಗೆ.

"ನಿಮ್ಮ ಉತ್ತರಗಳನ್ನು ಈಗಾಗಲೇ ಸ್ವೀಕರಿಸಲಾಗಿದೆ," ಎಂದಿತು ಬಾಗಿಲು. "ಶುಭ ಪ್ರಯಾಣ."